ಮಳೆಯಿಲ್ಲದೆ ತುಂಬಿದ ಕಡಲು

ನೀರಿನ ವಿಚಾರದಲ್ಲಿ ನನಗೆ ಬುದ್ಧಿ ಹೇಳುವ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದ ಕಾಲವೊಂದಿತ್ತು. ನಂಬುವುದಕ್ಕೆ ಕಾರಣವೂ ಇತ್ತು. ನಾನು ಮಾಗಡಿ ತಾಲ್ಲೂಕಿನ ಕಲ್ಯದವನು. ನಮ್ಮ ಕಡೆ ಮಕ್ಕಳು ಮೊದಲು ‘ಅಮ್ಮ’ ಅನ್ನುತ್ತವೆ, ಆಮೇಲೆ ‘ಅಪ್ಪ’ ಅನ್ನುತ್ತವೆ, ಮೂರನೆಯದಾಗಿ ‘ಬೋರು ಫೇಲು’ ಅನ್ನುತ್ತವೆ. ಅಂಥ ನೆಲದಿಂದ ಎದ್ದು ಹೋಗಿ ಸ್ಕಾಟ್ಲೆಂಡಿನ ಒಂದು ಒಳನಾಡಿನ ಪಟ್ಟಣದಲ್ಲಿ ‘ಜಲ ನಿರ್ವಹಣೆ’ ಎಂಬ ಘನವಾದ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೆ. ವರ್ಷಪೂರ್ತಿ ಮಳೆ ಹುಯ್ಯುವ ದೇಶದಲ್ಲಿ ಕೂತು ನೀರು ಉಳಿಸುವುದನ್ನು ಕಲಿಯುವುದೆಂದರೆ ತಿರುಪತಿಯಲ್ಲಿ ಕೂತು ಕೂದಲು ಬೆಳೆಸುವುದನ್ನು ಕಲಿತ ಹಾಗೆ. ಆದರೂ ಕಲಿಯುತ್ತಿದ್ದೆ. ಊರಲ್ಲಿ ನಮ್ಮಪ್ಪ ಆಗಲೇ ಸಿಕ್ಕಸಿಕ್ಕವರಿಗೆಲ್ಲ ‘ನಮ್ ಹುಡ್ಗ ನೀರಿನ ಡಾಕ್ಟ್ರು’ ಎಂದು ಹೇಳಿಕೊಂಡು ತಿರುಗುತ್ತಿದ್ದರು.

ಆ ಪಟ್ಟಣದಲ್ಲಿ ನಮ್ಮ ಜಿಲ್ಲೆಯವರು ಮೂವರಿದ್ದೆವು. ಒಬ್ಬ ನಾನು, ರುದ್ರೇಶ. ಇನ್ನೊಬ್ಬ ನನ್ನ ರೂಮಿನಲ್ಲೇ ಇದ್ದ ಲೋಕೇಶ, ಚನ್ನಪಟ್ಟಣದ ಹತ್ತಿರದ ಹೊಂಗನೂರಿನವನು. ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದ ಈತ ಆ ಹುಳುಗಳಿಂದ ಎರಡೇ ವಿದ್ಯೆ ಕಲಿತಿದ್ದ: ತಿನ್ನುವುದು, ಮಲಗುವುದು. ಮೂರನೆಯವಳು ಕನಕಪುರದ ಭವ್ಯ. ಸಾರ್ವಜನಿಕ ಆರೋಗ್ಯ ಓದುತ್ತಿದ್ದಳು. ಅವಳ ವಿಷಯ ಬಂದಾಗ ನನಗೆ ಕೊಂಕು ಮಾತು ಹೊಳೆಯುವುದಿಲ್ಲ, ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ. ಅವಳೆಂದರೆ ನನಗೆ ಪ್ರಾಣ.

ಅವಳಿಗೂ ನನ್ನ ಮೇಲೆ ಮನಸ್ಸಿದೆ ಎನ್ನುವುದಕ್ಕೆ ನನ್ನ ಬಳಿ ಬಲವಾದ ಪುರಾವೆ ಇತ್ತು. ಅವಳು ಲೋಕೇಶನನ್ನು ‘ಲೋಕಣ್ಣ’ ಅನ್ನುತ್ತಿದ್ದಳು. ಬೇಳೆ ಮಾರುವ ಗುಜರಾತಿ ಅಂಗಡಿಯವನಿಗೂ ‘ಅಣ್ಣ’ ಅನ್ನುತ್ತಿದ್ದಳು, ಪಾಪ ಅವನಿಗೆ ಅರ್ಥವೂ ಆಗುತ್ತಿರಲಿಲ್ಲ. ನನ್ನನ್ನು ಮಾತ್ರ ಒಂದು ದಿನವೂ ಅಣ್ಣ ಅಂದವಳಲ್ಲ! ಬರೀ ‘ರುದ್ರೇಶ್’. ನಮ್ಮ ಕಡೆ ಹುಡುಗಿಯೊಬ್ಬಳು ಒಬ್ಬನನ್ನು ಅಣ್ಣ ಅನ್ನದೆ ಉಳಿಸಿದ್ದಾಳೆ ಎಂದರೆ ಅರ್ಧ ತಾಂಬೂಲ ಕೈಗೆ ಬಂದಂತೆ. ಎರಡು ಮನೆಯವರೂ ವಿಭೂತಿ ಹಚ್ಚುವವರೇ ಆದ್ದರಿಂದ ಆ ಕಡೆಯ ತಕರಾರೂ ಇರಲಿಲ್ಲ. ಇದ್ದ ತಕರಾರು ನಾನೊಬ್ಬನೇ. ಬಾಯಿ ಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಲೋಕಿ ಸಿಡಿಲಿನಂಥ ಸುದ್ದಿ ತಂದ.

“ಲೇ ರುದ್ರ, ನೀನಿಂಗೇ ಗೋಡೆ ನೋಡ್ಕಂಡ್ ಕೂತ್ಕೊ. ಭವ್ಯುಂಗೆ ಗಂಡು ನೋಡವ್ರೆ ಕಣ್ಲಾ. ಬಿಡದಿ ಕಾರ್ ಫ್ಯಾಕ್ಟ್ರಿಲಿ ಎಂಜಿನಿಯರ್ ಅಂತೆ. ಸೋಮ್ವಾರ ಅವ್ರ ಕಡೇರು ಕನಕ್‌ಪುರುಕ್ಕೆ ಬತ್ತಾವ್ರೆ. ಅವ್ರಪ್ಪ ಫೋನಲ್ಲಿ ಅಂದ್ರಂತೆ, ‘ನಿನ್ ಮನ್ಸಲ್ಲಿ ಯಾರಾರ ಇದ್ರೆ ಭಾನ್ವಾರದೊಳಗೆ ಹೇಳ್ಬುಡವ್ವ, ಆಮೇಲೆ ಅವ್ರ ಮುಂದೆ ನಮ್ ಮರ್ವಾದೆ ಕಳೀಬ್ಯಾಡ’ ಅಂತ.”

“ಅವಳು ಏನಂದಳಂತೆ?”

“ಯೋಚ್ನೆ ಮಾಡ್ ಹೇಳ್ತೀನಿ ಅಂದ್ಲಂತೆ. ಇನ್ನೇನ್ ಅಂದಾಳು? ಮನ್ಸಲ್ಲಿರೋನು ಬಾಯಿಗೆ ಬೀಗ ಹಾಕ್ಕಂಡ್ ಕೂತವ್ನೆ!”

ಎಂದರೆ ಉಳಿದಿದ್ದು ಶನಿವಾರ ಒಂದೇ. ಬುದ್ಧಿಯಿದ್ದವನಾಗಿದ್ದರೆ ಆಗಲೇ ಎದ್ದು ಅವಳ ಹಾಸ್ಟೆಲಿನ ಬಾಗಿಲು ತಟ್ಟಿ ಕೇಳಿಬಿಡುತ್ತಿದ್ದ. ಆದರೆ ಬದುಕಿನ ಅತಿ ಮುಖ್ಯವಾದ ಪ್ರಶ್ನೆಯನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ, ಒಗೆದ ಬಟ್ಟೆಯ ಬುಟ್ಟಿಗಳ ನಡುವೆ ಕೇಳುವುದೇ? ಛೆ! ಅದಕ್ಕೆಂದು ಒಂದು ಸ್ಥಳ ಬೇಡವೇ, ಮುಹೂರ್ತ ಬೇಡವೇ? ಸುತ್ತ ಸಮುದ್ರ, ನಡುವೆ ದ್ವೀಪ, ಪಡುವಣದಲ್ಲಿ ಇಳಿಯುವ ಸೂರ್ಯ. ಸಿನಿಮಾ ನೋಡಿ ನೋಡಿ ಹಾಳಾದ ತಲೆ ನನ್ನದು. ಬಸ್ಸಿನಲ್ಲಿ ಹೋಗಿ ಅದೇ ದಿನ ವಾಪಸ್ಸು ಬರುವಷ್ಟು ದೂರದಲ್ಲಿ ಅಂಥದೊಂದು ದ್ವೀಪವೂ ಇತ್ತು. ಅದರ ಹೆಸರು ಹೇಳುವುದಿಲ್ಲ, ದ್ವೀಪಕ್ಕೂ ಮಾನ ಮರ್ಯಾದೆ ಇರುತ್ತದೆ.

ಭವ್ಯಳಿಗೆ ಫೋನು ಮಾಡಿ, “ನಾಳೆ ದ್ವೀಪ ನೋಡಲು ಹೋಗೋಣವಾ? ಒಂದು ವಿಷಯ ಮಾತಾಡುವುದಿದೆ” ಎಂದೆ.

ಅವಳು, “ಬತ್ತೀನಿ. ಆದ್ರೆ ಲೋಕಣ್ಣನೂ ಬರ್ಲಿ. ನಾವಿಬ್ರೇ ಹೋಗೋದ್ನ ಯಾರಾದ್ರೂ ನೋಡ್ಬುಟ್ರೆ?” ಎಂದಳು.

ಯಾರು ನೋಡುತ್ತಾರೆ ತಾಯಿ! ಸ್ಕಾಟ್ಲೆಂಡಿನ ಸಮುದ್ರದ ನಡುವೆ ಕನಕಪುರದ ಯಾವ ಸೋದರತ್ತೆ ನಿಂತಿರುತ್ತಾಳೆ? ಆದರೆ ಈ ಭಯವನ್ನು ನಾವು ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಂಡು ಓಡಾಡುವವರು. ನಾನೂ ಒಪ್ಪಿದೆ.

ಲೋಕಿ ತನ್ನದೊಂದು ಷರತ್ತು ಹಾಕಿದ. “ಬತ್ತೀನಿ ಕಣ್ಲಾ. ಆದ್ರೆ ಆ ಒಣಕಲು ಬ್ರೆಡ್ಡು ಅಗೀತಾ ನಾನು ಯಾವ ಸಮುದ್ರನೂ ನೋಡಾಕಿಲ್ಲ. ಅಲ್ಲೇ ಮೂರ್ ಕಲ್ಲಿಟ್ಟು ಬಿಸಿ ಮುದ್ದೆ ತಿರುವಾನ. ಊರಲ್ಲಿ ಬೆಟ್ಟುಕ್ ಹೋದ್ರೆ ಹಂಗೇ ಅಲ್ವಾ ಮಾಡಾದು?”

ಹೀಗೆ ನನ್ನ ಪ್ರೇಮ ನಿವೇದನೆಯ ಸಾಮಾನುಗಳು ಸಿದ್ಧವಾದವು: ರಾಗಿ ಹಿಟ್ಟು, ಒಂದು ದೊಡ್ಡ ಪಾತ್ರೆ, ಸೌದೆಯ ಚೀಲ, ಡಬ್ಬಿಯಲ್ಲಿ ಹುರುಳಿಕಾಳಿನ ಬಸ್ಸಾರು ಮತ್ತು ಲೋಕಿಯ ಮುದ್ದೆ ಕೋಲು. ಈ ಕೋಲನ್ನು ಅವನು ಹೊಂಗನೂರಿನಿಂದ ಹೊತ್ತು ತಂದಿದ್ದ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ‘ಇದು ಆಯುಧವೇ?’ ಎಂದು ಕೇಳಿದ್ದಕ್ಕೆ, ‘ಇಲ್ಲ ಸಾರ್, ಊಟ’ ಎಂದು ಹೇಳಿ ಪಾರಾಗಿ ಬಂದಿದ್ದ ಮಹಾಶಯ ಅವನು.

ಬಸ್ಸಿನಲ್ಲಿ ಭವ್ಯ ನನ್ನ ಪಕ್ಕದಲ್ಲೇ ಕೂತಳು. ಹಿಂದಿನ ಸೀಟಿನಲ್ಲಿ ಲೋಕಿ ಪಾತ್ರೆಯನ್ನು ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದ. ಹೊರಗೆ ಹಸಿರು ಹೊಲಗಳು, ಒಳಗೆ ಬೆಚ್ಚನೆಯ ಬಿಸಿಲು. ಅವಳು ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ, “ಏನೋ ಮಾತಾಡ್ಬೇಕು ಅಂದ್ರಲ್ಲ, ಏನದು?” ಎಂದು ಕೇಳಿದಳು.

“ಅಲ್ಲಿ ಹೋಗಿ ಹೇಳುತ್ತೇನೆ” ಎಂದು ಗಂಭೀರವಾಗಿ ನುಡಿದೆ.

“ಇಲ್ಲೇ ಹೇಳಿದ್ರೆ ಏನಾಯ್ತದೆ?”

“ಎಲ್ಲಕ್ಕೂ ಒಂದು ಜಾಗ ಅಂತ ಇರುತ್ತೆ ಭವ್ಯ.”

ನನ್ನನ್ನು ಯಾರಾದರೂ ಆಗಲೇ ಬಸ್ಸಿನಿಂದ ಕೆಳಕ್ಕೆ ನೂಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಳಿದು ನೋಡಿದರೆ ಸಮುದ್ರವೇ ಇಲ್ಲ! ದಡದಿಂದ ದ್ವೀಪದವರೆಗೆ ಒದ್ದೆ ಮರಳು, ಕೆಸರು, ಪಾಚಿ ಹಿಡಿದ ಕಲ್ಲು. ನಡುವೆ ನಡೆದುಹೋಗುವಂತೆ ಕಲ್ಲು ಹಾಸಿದ ದಾರಿ. ನಾನು ಅಲ್ಲಿಯವರೆಗೆ ಸಮುದ್ರವನ್ನು ಕಂಡಿದ್ದು ವಿಮಾನದ ಕಿಟಕಿಯಿಂದ ಮಾತ್ರ. ಹತ್ತಿರದಿಂದ ಕಂಡಾಗ ನನಗೆ ಅನ್ನಿಸಿದ್ದು ಒಂದೇ. ಇದು ನಮ್ಮೂರ ಕೆರೆಯ ಹಾಗೆಯೇ ಇದೆ, ಬತ್ತಿಹೋಗಿದೆ.

ದಾರಿಯ ಮೊದಲಲ್ಲಿ ದೊಡ್ಡದೊಂದು ಬೋರ್ಡು ನಿಂತಿತ್ತು. ಕೆಂಪು ಅಕ್ಷರ, ಗಡಿಯಾರದ ಚಿತ್ರ, ಅಂದಿನ ದಿನಾಂಕ. ಭವ್ಯ ಅದರ ಮುಂದೆ ನಿಂತಳು.

“ರುದ್ರೇಶ್, ಇಷ್ಟೊತ್ತಿನೊಳಗೆ ವಾಪಸ್ ಬಂದ್ಬುಡ್ಬೇಕಂತೆ. ಆಮೇಲೆ ನೀರು ಬಂದು ದಾರಿ ಮುಚ್ಕೊಳ್ತದಂತೆ.”

ನಾನು ನಕ್ಕೆ. ಆ ನಗುವನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಬೋರ್ಡುಗಳ ವಿಷಯದಲ್ಲಿ ನಮ್ಮೂರವರಿಗೆ ಇರುವಷ್ಟು ತಾತ್ಸಾರ ಬೇರೆ ಯಾರಿಗೂ ಇರಲಾರದು. ನಮ್ಮ ಕೆರೆಯ ಅಂಗಳದಲ್ಲಿ ‘ಎಚ್ಚರಿಕೆ! ಆಳವಾದ ನೀರು! ಈಜಬಾರದು!’ ಎಂಬ ಬೋರ್ಡು ನಾನು ಹುಟ್ಟುವ ಮೊದಲಿನಿಂದ ನಿಂತಿದೆ. ಅದರ ಕೆಳಗೆ ನಾವು ಕ್ರಿಕೆಟ್ ಆಡಿ ಬೆಳೆದವರು. ಆ ಬೋರ್ಡಿನ ಎರಡು ಕಂಬಗಳೇ ನಮ್ಮ ವಿಕೆಟ್ಟು! ನಮ್ಮ ಪಾಲಿಗೆ ನೀರಿನ ಬೋರ್ಡೆಂದರೆ ಹಿಂದೆ ಯಾವಾಗಲೋ ಇದ್ದ ನೀರಿನ ಸ್ಮಾರಕ. ಇನ್ನು, ಕೆರೆ ಒಂದು ಸಲ ಬತ್ತಿತು ಎಂದರೆ ಮುಗಿಯಿತು. ಮತ್ತೆ ಮಳೆ ಹುಯ್ದು, ಮೇಲಿನ ಕೆರೆ ತುಂಬಿ, ಕೋಡಿ ಬಿದ್ದು, ಹಳ್ಳ ಹರಿದು ಬರುವವರೆಗೆ ಅಲ್ಲಿ ನೀವು ಮನೆ ಕಟ್ಟಿಸಬಹುದು. ಕೆಲವರು ಕಟ್ಟಿಸಿಯೂ ಇದ್ದಾರೆ.

ಆದ್ದರಿಂದ ನಾನು ಹಣೆಗೆ ಕೈ ಹಿಡಿದು ಆಕಾಶವನ್ನು ಪರೀಕ್ಷಿಸಿದೆ. ಒಂದು ತುಂಡು ಮೋಡವಿಲ್ಲ. “ಮಳೆಯ ಲಕ್ಷಣವೇ ಇಲ್ಲ. ನೀರು ಎಲ್ಲಿಂದ ಬರಬೇಕು?” ಎಂದು ತೀರ್ಪು ಕೊಟ್ಟೆ.

“ಸಮುದ್ರುಕ್ಕೆ ಉಬ್ಬರ ಇಳಿತ ಅಂತ ಇರ್ತದಲ್ವಾ?” ಎಂದಳು ಭವ್ಯ.

“ಇರುತ್ತೆ. ಅದು ಚಂದ್ರನ ಆಕರ್ಷಣೆಯಿಂದ ಆಗುವುದು. ಈಗ ಹಗಲು. ಚಂದ್ರ ಎಲ್ಲಿದ್ದಾನೆ?”

ಹೈಸ್ಕೂಲಿನಲ್ಲಿ ಈ ಪ್ರಶ್ನೆಗೆ ಪೂರ್ತಿ ಅಂಕ ತೆಗೆದುಕೊಂಡವನು ನಾನು. ಅಂಕ ಕೊಟ್ಟ ಮೇಷ್ಟ್ರು ಈಗ ಎಲ್ಲಿದ್ದಾರೋ, ಸಿಕ್ಕಿದರೆ ಅವರಿಗೆ ವಾಪಸ್ಸು ಕೊಡಬೇಕು. ವಿಶ್ವವಿದ್ಯಾಲಯದಲ್ಲಿ ಓದಿದ್ದು ಏನಾಯಿತು ಎಂದು ಕೇಳಬೇಡಿ. ನಾನು ಓದುತ್ತಿದ್ದದ್ದು ಅಂತರ್ಜಲ. ನೆಲದ ಮೇಲಿನ ನೀರು ಬೇರೆ ಡಿಪಾರ್ಟ್‌ಮೆಂಟು!

ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿ, ‘ನೀರಿನ ಹೊತ್ತು ನೋಡಿಕೊಂಡಿರಾ ಮಕ್ಕಳೇ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ‘ಚಿಂತೆ ಬೇಡ, ನಾನು ನೀರಿನ ವಿಷಯವನ್ನೇ ಓದುತ್ತಿದ್ದೇನೆ’ ಎಂದೆ. ಅಜ್ಜಿ ನನ್ನ ಮುಖ ನೋಡಿದಳು, ತಲೆಯ ಮೇಲಿದ್ದ ಪಾತ್ರೆ ನೋಡಿದಳು, ಲೋಕಿಯ ಕೈಯಲ್ಲಿದ್ದ ಕೋಲು ನೋಡಿದಳು, ಆಮೇಲೆ ನಾಯಿಯನ್ನು ಎಳೆದುಕೊಂಡು ಹೊರಟುಹೋದಳು.

ಭವ್ಯ ಮಾತ್ರ ನನ್ನನ್ನು ನಂಬಿದಳು. “ನೀವು ಓದ್ತಿರೋದೇ ನೀರು. ನಿಮಗ್ ಗೊತ್ತಿರ್ತದೆ ಬುಡಿ” ಎಂದು ನನ್ನ ಹಿಂದೆ ಹೆಜ್ಜೆ ಹಾಕಿದಳು. ಆ ಮಾತಿಗೆ ನಾನು ಪೂರಿಯಂತೆ ಉಬ್ಬಿಹೋದೆ.

ದ್ವೀಪ ಎನ್ನುವುದು ಇಷ್ಟೇನಾ! ಒಂದು ದಿಬ್ಬ, ಸೊಂಟದುದ್ದ ಹುಲ್ಲು, ಯಾವುದೋ ಯುದ್ಧದ ಕಾಲದ ಪಾಳು ಸಿಮೆಂಟು ಗೂಡು, ಸಾಲದ್ದಕ್ಕೆ ತಲೆಗೆ ಕುಕ್ಕಲು ಬರುವ ಬಿಳಿ ಹಕ್ಕಿಗಳು. ನಮ್ಮ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕತ್ತು ಎತ್ತಿದರೆ ಇದಕ್ಕಿಂತ ದೊಡ್ಡ ಬಂಡೆಗಳು ಪುಕ್ಕಟೆ ಕಾಣುತ್ತವೆ. ಇದನ್ನು ನೋಡಲು ಜನ ಬಸ್ಸು ಹತ್ತಿ ಬಂದು ಫೋಟೋ ತೆಗೆದುಕೊಂಡು ‘ಅದ್ಭುತ’ ಎಂದು ಹಾಕುತ್ತಾರೆ. ನಾನೂ ಹಾಕಿದೆ.

ಲೋಕಿ ಗೂಡಿನ ಮರೆಯಲ್ಲಿ ಮೂರು ಕಲ್ಲು ಹೂಡಿ, ಒಲೆ ಹಚ್ಚಿ, ಪಾತ್ರೆ ಇಟ್ಟು, ಕೈ ಚಾಚಿದ.

“ಎಲ್ಲಿ ಕೊಡ್ಲಾ ನೀರು.”

“ಯಾವ ನೀರು?”

“ಎಸರಿಗೆ ಇಡಕ್ಕೆ ಕಣಪ್ಪ! ಹಿಟ್ಟು ನಾನು ತತ್ತೀನಿ, ಸಾರು ಭವ್ಯ, ನೀರು ನಿಂದು ಅಂತ ಹೇಳಿರ್ಲಿಲ್ವ?”

ಹೇಳಿದ್ದ. ನಾನು ರಾತ್ರಿಯೆಲ್ಲ ಭವ್ಯಳಿಗೆ ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತ ನೀರನ್ನು ಮರೆತಿದ್ದೆ. ಜಲ ನಿರ್ವಹಣೆಯ ವಿದ್ಯಾರ್ಥಿ ನೀರು ಮರೆತು ಬಂದಿದ್ದ! ಮೂವರ ಚೀಲದಲ್ಲೂ ಹುಡುಕಿದರೆ ಸಿಕ್ಕಿದ್ದು ಭವ್ಯಳ ಬಾಟಲಿಯಲ್ಲಿದ್ದ ಒಂದಿಷ್ಟು ಕುಡಿಯುವ ನೀರು.

ಇಂಥ ಸಂಕಟದಲ್ಲಿಯೇ ಅಲ್ಲವೇ ವಿದ್ಯೆ ಕೈ ಹಿಡಿಯುವುದು. “ಅರ್ಧ ಬಾಟಲಿ ನೀರು, ಉಳಿದದ್ದು ದ್ವೀಪದ ಆಚೆ ಬದಿಯ ಸಮುದ್ರದ ನೀರು. ಕುದಿಸಿದರೆ ಎಲ್ಲ ಸರಿಹೋಗುತ್ತದೆ” ಎಂದೆ.

“ಕುದ್ಸಿದ್ರೆ ಉಪ್ಪು ಎಲ್ಲೋಯ್ತದೆ?” ಎಂದಳು ಭವ್ಯ.

“ಆವಿಯಾಗುತ್ತೆ.”

ಹೌದು, ಹಾಗೆಯೇ ಹೇಳಿದೆ. ಉಪ್ಪು ಆವಿಯಾಗುತ್ತದೆ ಎಂದು ಹೇಳಿದ ಮೊದಲ ಸ್ನಾತಕೋತ್ತರ ವಿದ್ಯಾರ್ಥಿ ಭೂಮಿಯ ಮೇಲೆ ನಾನೇ ಇರಬೇಕು. ಅವಳು ಬಾಟಲಿಯ ಅರ್ಧ ನೀರನ್ನು ಪಾತ್ರೆಗೆ ಸುರಿದಳು.

ಗಾಳಿಗೆ ಒಲೆ ಆರುವುದು, ನಾವು ಊದುವುದು, ಹೊಗೆ ನಮ್ಮ ಕಣ್ಣಿಗೇ ಬರುವುದು, ಹೀಗೆ ಹೊತ್ತು ಜಾರಿತು. ಕೊನೆಗೂ ಲೋಕಿ ಪಾತ್ರೆಯನ್ನು ಎರಡು ಪಾದಗಳ ನಡುವೆ ಸಿಕ್ಕಿಸಿಕೊಂಡು, ಕೋಲು ಹಿಡಿದು ತಿರುವಿ, ಸ್ಕಾಟ್ಲೆಂಡಿನ ಇತಿಹಾಸದಲ್ಲೇ ಮೊದಲ ಕಡಲ ಮುದ್ದೆಯನ್ನು ಕಟ್ಟಿದ. ಒಂದು ತುತ್ತು ನುಂಗಿದವನೇ ಮುಖ ಕಿವುಚಿಕೊಂಡ.

“ಥೂ! ಇದು ಮುದ್ದೆ ಅಲ್ಲ ಕಣ್ಲಾ, ಉಪ್ಪಿನ ಮೂಟೆ!”

ಭವ್ಯ ತಟ್ಟೆಯನ್ನು ಮೆಲ್ಲಗೆ ಬದಿಗಿಟ್ಟಳು. ನಾನು ಇಡುವಂತಿರಲಿಲ್ಲ. ‘ಆವಿಯಾಗುತ್ತೆ’ ಎಂದವನು ನಾನು. “ಏನಾಗಿದೆ ಇದಕ್ಕೆ? ಚೆನ್ನಾಗೇ ಇದೆಯಲ್ಲ” ಎನ್ನುತ್ತ ನನ್ನ ಮುದ್ದೆಯನ್ನೂ ತಿಂದೆ, ಅವಳದನ್ನೂ ತಿಂದೆ. ಆಮೇಲೆ ಗಂಟಲು ಹೊತ್ತಿ ಉರಿಯತೊಡಗಿದಾಗ ಬಾಟಲಿಯಲ್ಲಿ ಉಳಿದಿದ್ದ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದುಬಿಟ್ಟೆ. ಅವಳಿಗೆ ಒಂದು ತೊಟ್ಟು ಉಳಿಸಬೇಕು ಎಂಬುದು ನೆನಪಾಗುವ ಹೊತ್ತಿಗೆ ಬಾಟಲಿ ಖಾಲಿಯಾಗಿತ್ತು.

“ಏನೋ ಹೇಳ್ಬೇಕು ಅಂದ್ರಲ್ಲ” ಎಂದು ಅವಳು ಮತ್ತೆ ಕೇಳಿದಳು. ಲೋಕಿ ಆಗಲೇ ಹುಲ್ಲಿನ ಮೇಲೆ ಮಲಗಿ ಗೊರಕೆ ಶುರು ಮಾಡಿದ್ದ. ಸುತ್ತ ಯಾರೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ?

“ಸೂರ್ಯ ಒಂದಿಷ್ಟು ಇಳಿಯಲಿ” ಎಂದೆ.

ಆ ದೇಶದ ಬೇಸಿಗೆಯಲ್ಲಿ ಸೂರ್ಯ ಇಳಿಯುವುದೆಂದರೆ ಮದುವೆ ಮನೆಯಿಂದ ನೆಂಟರು ಹೊರಟ ಹಾಗೆ. ಹೊರಟೆ ಹೊರಟೆ ಅನ್ನುತ್ತಾನೆ, ಹೋಗುವುದಿಲ್ಲ. ನಾನು ಅವನು ಇಳಿಯುವುದನ್ನೇ ಕಾಯುತ್ತ ಕೂತೆ. ಹೊಟ್ಟೆಯಲ್ಲಿ ಎರಡು ಮುದ್ದೆ, ಬೆನ್ನಿಗೆ ಬಿಸಿಲು. ಮುದ್ದೆ ಉಂಡ ಮೇಲೆ ಒಂದು ಗಳಿಗೆ ಅಡ್ಡಾಗದಿದ್ದರೆ ಅದು ಮುದ್ದೆಗೇ ಅವಮಾನ ಎಂದು ನಮ್ಮಜ್ಜ ಹೇಳುತ್ತಿದ್ದರು. ಸುಮ್ಮನೆ ಕಣ್ಣು ಮುಚ್ಚಿದೆ. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ನಿದ್ದೆ ಹೋದೆ!

ಎಚ್ಚರವಾದದ್ದು ಅವಳ ಕೂಗಿಗೆ.

“ರುದ್ರೇಶ್! ಏಳಿ! ದಾರಿ ಎಲ್ಲಿ?”

ಎದ್ದು ನೋಡಿದೆ. ದಾರಿ ಇರಲಿಲ್ಲ. ಮರಳು ಇರಲಿಲ್ಲ. ಪಾಚಿಗಲ್ಲು ಇರಲಿಲ್ಲ. ದಡದವರೆಗೂ ನೀಲಿ ನೀರು ಅಲೆ ಹೊಡೆಯುತ್ತಿತ್ತು. ದಿಬ್ಬದ ತುದಿಯಿಂದ ಫೋಟೋ ತೆಗೆಯಲು ಹೋಗಿದ್ದ ಭವ್ಯ ಓಡಿಬಂದು ಏದುಸಿರು ಬಿಡುತ್ತಿದ್ದಳು. ನಾನು ಮೊದಲು ಮಾಡಿದ ಕೆಲಸವೇನು? ಆಕಾಶ ನೋಡಿದೆ! ಮೋಡವಿಲ್ಲ, ಮಳೆಯಿಲ್ಲ. ನನ್ನ ಬಾಯಿಂದ ಬಂದ ಮಾತನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

“ಮೇಲಿನ ಕೆರೆ ಕೋಡಿ ಬಿದ್ದಿರಬೇಕು.”

“ಯಾವ ಮೇಲಿನ ಕೆರೆ ರುದ್ರೇಶ್? ಅದು ಸಮುದ್ರ! ಸಮುದ್ರುಕ್ಕೆ ಯಾವ ಮೇಲಿನ ಕೆರೆ?” ಎಂದು ಅವಳು ಕಿರುಚಿದಳು.

ಲೋಕಿ ಕಣ್ಣುಜ್ಜಿಕೊಂಡು ಎದ್ದು ಕೂತ. ಸುತ್ತ ನೋಡಿದ, ಮೇಲೆ ನೋಡಿದ. ಆಮೇಲೆ ಕೈಯೆತ್ತಿ ತೋರಿಸಿದ. ಹಾಡುಹಗಲು, ನೆತ್ತಿಯ ಪಕ್ಕದಲ್ಲಿ, ಬಿಳಿಚಿಕೊಂಡು ಹಪ್ಪಳದ ಚೂರಿನಂತೆ ನಿಂತಿದ್ದ.

“ಅಲ್ಲವ್ನೆ ನೋಡ್ಲಾ ನಿನ್ ಚಂದ್ರ. ಬೆಳಿಗ್ಗೆ ಎಲ್ಲವ್ನೆ, ಎಲ್ಲವ್ನೆ ಅಂತಿದ್ಯಲ್ಲ.”

ಆಗಲಾದರೂ ‘ತಪ್ಪಾಯಿತು’ ಎಂದು ಕೈ ಮುಗಿಯಬಹುದಿತ್ತು. ಅದು ನನ್ನ ಜಾಯಮಾನದಲ್ಲೇ ಇಲ್ಲ. “ಏನೂ ಆಗಿಲ್ಲ. ನೀರು ಮೇಲೆ ಹರಡಿಕೊಂಡಿದೆ ಅಷ್ಟೇ. ಆಳ ಮೊಣಕಾಲುದ್ದವೂ ಇರಲ್ಲ. ನಾನು ಮೊದಲು ಹೋಗುತ್ತೇನೆ, ನೀವು ಹಿಂದೆ ಬನ್ನಿ”  ಎಂದು ಪ್ಯಾಂಟು ಮಡಿಚಿ ಇಳಿದೆ.

ಮೊಣಕಾಲು ಸರಿಯಾಗಿಯೇ ಇತ್ತು. ಇನ್ನೊಂದು ಹೆಜ್ಜೆಗೆ ತೊಡೆ ಬಂತು. ಮತ್ತೊಂದಕ್ಕೆ ಸೊಂಟ. ಆ ನೀರಿನ ಥಂಡಿ ಎಂಥದೆಂದರೆ ಮನೆದೇವರ ಹೆಸರೂ ಬಾಯಿಗೆ ಬರಲಿಲ್ಲ. ಕಾಲ ಕೆಳಗಿನ ಕೆಸರು ಎಡಗಾಲಿನ ಬೂಟನ್ನು ಹಿಡಿದುಕೊಂಡಿತು. ನಾನು ಎಳೆದೆ, ಅದೂ ಎಳೆಯಿತು. ಗೆದ್ದದ್ದು ಕೆಸರೇ. ಅಲೆಯೊಂದು ಎದೆಗೆ ಹೊಡೆದಾಗ ಜೀವ ಬಾಯಿಗೆ ಬಂದು, “ಲೋಕೀ!” ಎಂದು ಅರಚಿದೆ. ಅವನು ಬಂಡೆಯ ಮೇಲೆ ಮಂಡಿಯೂರಿ ಮುದ್ದೆ ಕೋಲು ಚಾಚಿದ. ಅದನ್ನು ಹಿಡಿದುಕೊಂಡು ಮತ್ತೆ ಬಂಡೆ ಹತ್ತಿದೆ. ಮಾಗಡಿಯ ಜಲತಜ್ಞನನ್ನು ಹೊಂಗನೂರಿನ ರಾಗಿ ಮೆತ್ತಿದ ಕೋಲು ಕಾಪಾಡಿತು.

“ಈಜು ಬತ್ತದೇನ್ಲಾ ನಿಂಗೆ?” ಎಂದ ಲೋಕಿ.

“ಕೆರೆಯಲ್ಲಿ ನೀರಿದ್ದರೆ ತಾನೇ ಕಲಿಯೋದು!” ಎಂದು ಹಲ್ಲು ಕಡಿಯುತ್ತ ಹೇಳಿದೆ. ಆ ದಿನ ನಾನು ಆಡಿದ ಸತ್ಯವಾದ ಮಾತು ಅದೊಂದೇ.

ಭವ್ಯ ಅಷ್ಟರಲ್ಲಿ ತುರ್ತು ಸಹಾಯಕ್ಕೆ ಫೋನು ಮಾಡಿದ್ದಳು. ಅವಳ ತುಟಿ ಬಾಯಾರಿ ಒಣಗಿತ್ತು. ಆ ಕಡೆಯವರು ಬೋರ್ಡು ನೋಡಲಿಲ್ಲವೇ ಎಂದು ಕೇಳಿರಬೇಕು. ಅವಳು ಇಂಗ್ಲಿಷಿನಲ್ಲಿ, ‘ನೋಡಿದೆವು ಸರ್. ಆದರೆ ನಮ್ಮ ಜೊತೆ ಒಬ್ಬ ನೀರಿನ ತಜ್ಞರಿದ್ದರು’ ಎಂದಳು.

ಕಿತ್ತಳೆ ಬಣ್ಣದ ರಬ್ಬರು ದೋಣಿ ಬಂತು. ಅದರಲ್ಲಿದ್ದವರು ಸಂಬಳದವರಲ್ಲ, ಊರಿನ ಸ್ವಯಂಸೇವಕರು. ಒಬ್ಬ ಫುಟ್‌ಬಾಲು ಪಂದ್ಯ ಬಿಟ್ಟು ಬಂದಿದ್ದ, ಇನ್ನೊಬ್ಬ ಮಗಳ ಹುಟ್ಟುಹಬ್ಬ ಬಿಟ್ಟು ಬಂದಿದ್ದ, ತಲೆಯ ಮೇಲೆ ಕಾಗದದ ಟೋಪಿ ಇನ್ನೂ ಹಾಗೆಯೇ ಇತ್ತು. ನಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿ ಕೂರಿಸಿ, ಬೆಳ್ಳಿ ಬಣ್ಣದ ಹಾಳೆ ಸುತ್ತಿದರು. ನಾನು ಪಾರ್ಸೆಲ್ ಕಟ್ಟಿದ ಬಿರಿಯಾನಿಯಂತೆ ಕೂತಿದ್ದೆ. ದಡದಲ್ಲಿ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ಆ ಅಜ್ಜಿ. ಅವಳ ನಾಯಿ ನನ್ನನ್ನೇ ನೋಡಿ ಬೊಗಳಿತು.

ದೋಣಿಯವರು ತಮ್ಮ ಶೆಡ್ಡಿನಲ್ಲಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಕೈಗೆ ಬಿಸಿ ಟೀ ಕೊಟ್ಟರು. ಒಂದು ಕಾಲಿನಲ್ಲಿ ಬೂಟು, ಇನ್ನೊಂದರಲ್ಲಿ ಕೆಸರು, ಮೈಯೆಲ್ಲ ನಡುಕ. ಇಷ್ಟಾದ ಮೇಲೂ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ. ನಾಳೆ ಭಾನುವಾರ. ನಾಳೆ ಅವಳು ಮನೆಗೆ ಉತ್ತರ ಹೇಳಬೇಕು. ಈಗ ಬಿಟ್ಟರೆ ಇನ್ನೆಂದಿಗೂ ಇಲ್ಲ. ಕನ್ನಡಿಯ ಮುಂದೆ ಕಲಿತ ಮಾತೆಲ್ಲ ಸಮುದ್ರದ ಪಾಲಾಗಿತ್ತು. ಉಳಿದಿದ್ದನ್ನು ಹೇಳಿದೆ.

“ಭವ್ಯ, ನನ್ನನ್ನ ಮದುವೆ ಆಗ್ತೀರಾ?”

ಲೋಕಿಯ ಕೈಯಲ್ಲಿದ್ದ ಬಿಸ್ಕತ್ತು ಟೀ ಲೋಟಕ್ಕೆ ಬಿತ್ತು. ಕಾಗದದ ಟೋಪಿಯವನು ಏನಾಯಿತು ಎಂದು ಕೇಳಿದ. ಆ ದ್ರೋಹಿ ಲೋಕಿ ಇಂಗ್ಲಿಷಿನಲ್ಲಿ ವಿವರಿಸಿಯೇಬಿಟ್ಟ! ಇಡೀ ಶೆಡ್ಡು ಅವಳ ಮುಖ ನೋಡಿತು.

ಭವ್ಯ ಲೋಟ ಕೆಳಗಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು.

“ಬೆಳಿಗ್ಗೆ ಬಸ್ಸಲ್ಲೇ ಕೇಳಿದ್ರೆ ಹೂಂ ಅಂತಿದ್ದೆ ರುದ್ರೇಶ್. ಹೂಂ ಅನ್ನೋಕೇ ಬಂದಿದ್ದೆ. ಅದುಕ್ಕೇ ತಾನೇ ಮತ್ತೆ ಮತ್ತೆ ಕೇಳಿದ್ದು, ಏನೋ ಹೇಳ್ಬೇಕು ಅಂದ್ರಲ್ಲ ಅಂತ?”

“ಈಗ?”

“ಈಗ ಬ್ಯಾಡ. ನೀರು ಬಂತು ಅಂತ ನಂಗೇನೂ ಕ್ವಾಪ ಇಲ್ಲ. ಯಾರಿಗಾದ್ರೂ ತಪ್ಪಾಯ್ತದೆ. ಆದ್ರೆ ‘ನಂಗ್ ಗೊತ್ತಿಲ್ಲ’ ಅನ್ನೋ ಒಂದ್ ಮಾತು ನಿಮ್ ಬಾಯಲ್ಲಿ ಬರ್ಲಿಲ್ವಲ್ಲ. ಉಪ್ಪು ಆವಿಯಾಯ್ತದೆ ಅಂದ್ರಿ. ಮೇಲಿನ ಕೆರೆ ಕೋಡಿ ಬಿತ್ತು ಅಂದ್ರಿ. ಮುಳುಗೋವಾಗ್ಲೂ ಮೊಣಕಾಲುದ್ದ ಅಂತಿದ್ರಿ. ಜೀವ್ನ ಪೂರ್ತಿ ಇದ್ನ ಕೇಳಕೆ ನನ್ ಕೈಲಿ ಆಗಾಕಿಲ್ಲ.” ಕಣ್ಣೊರೆಸಿಕೊಂಡು ನನ್ನ ಲೋಟವನ್ನು ಹತ್ತಿರಕ್ಕೆ ಸರಿಸಿದಳು. “ಟೀ ಕುಡೀರಿ ರುದ್ರೇಶಣ್ಣ. ಆರೋಯ್ತದೆ.”

ರುದ್ರೇಶಣ್ಣ!

ಟೋಪಿಯವನು ಲೋಕಿಯ ಮುಖ ನೋಡಿದ. ಇದನ್ನು ಅನುವಾದ ಮಾಡುವ ಅಗತ್ಯ ಲೋಕಿಗೆ ಬರಲಿಲ್ಲ. ಟೋಪಿಯವನೇ ಬಂದು ನನ್ನ ಬೆನ್ನು ತಟ್ಟಿ, ಟೀಗೆ ಇನ್ನೆರಡು ಚಮಚ ಸಕ್ಕರೆ ಹಾಕಿ ಹೋದ. ಆ ರಾತ್ರಿ ರೂಮಿನಲ್ಲಿ ಕಂಬಳಿ ಹೊದ್ದು ನಾನು ಅತ್ತೆ. ನೆಗಡಿ ಎಂದು ಲೋಕಿಗೆ ಹೇಳಿದೆ. ಅವನು ನಂಬಿದವನಂತೆ ನಟಿಸಿದ.

ಓದು ಮುಗಿಸಿ ಎಲ್ಲರೂ ಊರಿಗೆ ಬಂದೆವು. ನಾನು ರಾಮನಗರದಲ್ಲಿ ಬೋರು ಎಲ್ಲಿ ಕೊರೆಸಬೇಕು ಎಂದು ಸಲಹೆ ಕೊಡುವ ಕಚೇರಿ ಇಟ್ಟೆ. ಭವ್ಯಳ ಮದುವೆ ಕನಕಪುರದ ಛತ್ರವೊಂದರಲ್ಲಿ ನಡೆಯಿತು. ಹೋಗಬಾರದು ಅಂದುಕೊಂಡಿದ್ದೆ, ಲೋಕಿ ಬಿಡಲಿಲ್ಲ. “ಬಾರ್ಲಾ, ಉಂಡು ಬರಾನ” ಎಂದು ಬೈಕಿನ ಹಿಂದೆ ಹೇರಿಕೊಂಡು ಹೋದ.

ವೇದಿಕೆ ಹತ್ತಿದೆವು. ಭವ್ಯ ನಗುತ್ತ, “ಇವ್ರೇ ರುದ್ರೇಶಣ್ಣ. ಹೇಳಿದ್ನಲ್ಲ, ದ್ವೀಪದ್ದು” ಎಂದು ಪರಿಚಯ ಮಾಡಿಕೊಟ್ಟಳು. ಬಿಡದಿಯ ಎಂಜಿನಿಯರ್ ಮದುಮಗ ಒಂದು ಗಳಿಗೆ ನನ್ನನ್ನೇ ನೋಡಿದ. ಗೇಲಿ ಮಾಡುತ್ತಾನೆ ಎಂದು ನಾನು ಮೈ ಬಿಗಿ ಹಿಡಿದೆ. ಅವನು ಹಾಗೆ ಮಾಡಲಿಲ್ಲ. ನನ್ನ ಎರಡು ಕೈಗಳನ್ನೂ ತನ್ನ ಕೈಗಳಲ್ಲಿ ಹಿಡಿದುಕೊಂಡ. ಅವನ ಕಣ್ಣಲ್ಲಿ ನಿಜವಾದ ಕೃತಜ್ಞತೆ ತುಂಬಿ ಬಂದಿತ್ತು.

“ನೀವೇನಾ ಸಾರ್! ನಿಮ್ಮನ್ ಒಂದ್ ಸಲ ನೋಡ್ಬೇಕು ಅಂತ ಬಾಳ ದಿನದಿಂದ ಇತ್ತು. ಅವತ್ತು ನೀವೇನಾದ್ರೂ ಆ ಬೋರ್ಡ್ ಓದ್ಬುಟ್ಟಿದ್ರೆ ನನ್ ಗತಿ ಏನಾಯ್ತಿತ್ತು ಸಾರ್? ನಿಮ್ ಉಪಕಾರನ ಈ ಜನ್ಮದಲ್ಲಿ ಮರೆಯಾಕಿಲ್ಲ!”

ಭವ್ಯ ನನ್ನ ಮುಖ ನೋಡುತ್ತಿದ್ದಳು. ಲೋಕಿ ನೋಡುತ್ತಿದ್ದ. ಫೋಟೋದವನೂ ಕ್ಯಾಮೆರಾ ಇಳಿಸಿ ನೋಡುತ್ತಿದ್ದ. ಏನು ಹೇಳಬೇಕೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಸುಮ್ಮನಿದ್ದರೆ ಆಗುತ್ತಿತ್ತು.

“ಪರವಾಗಿಲ್ಲ ಬಿಡಿ, ಎಲ್ಲ ಲೆಕ್ಕ ಹಾಕಿಯೇ ಮಾಡಿದ್ದು” ಎಂದುಬಿಟ್ಟೆ.